ಗಾಜು ಗುಂಡಿಗೆ ಬಲ ಕೊಡದು

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರಿಗೆ ಜಗತ್ತಿನ ಇಂಗ್ಲಿಷೆಲ್ಲ ತಿಳಿಯುತ್ತದೆಂಬ ನಂಬಿಕೆ ನಮ್ಮ ಬಂಧುವರ್ಗದಲ್ಲಿ ಇನ್ನೂ ಗಟ್ಟಿಯಾಗಿದೆ. ಬ್ಯಾಂಕಿನ ನೋಟೀಸು, ವಿಮೆಯ ಷರತ್ತು, ಆಸ್ಪತ್ರೆಯ ವರದಿ ಎಲ್ಲವೂ ಹೀಗೆಯೇ ನಮ್ಮ ಮನೆಗೆ ಬರುತ್ತವೆ. ಕಳೆದ ಮುಂಗಾರಿನಲ್ಲಿ ಬಂದ ಕಾಗದಗಳು ಮಾತ್ರ ಬೇರೆ ಬಗೆಯವು. ಬೇಟೆಯ ರಿವಾಲ್ವರಿನ ಮೇಲೆ ಎಂತಹ ಸ್ಕೋಪ್ ಕೂಡಿಸಬೇಕೆಂದು ವಿವರಿಸುವ, ಅಮೆರಿಕದವರು ಬರೆದ ಹತ್ತು ಹನ್ನೆರಡು ಪುಟಗಳು. ತಂದವರು ತಾಂಡೂರಿನ ಆಚೆ ಹೊಲವಿರುವ ನಮ್ಮ ದೂರದ ಕಾಕಾ. ಮೆಕ್ಕೆಜೋಳಕ್ಕೂ ಶೇಂಗಾಕ್ಕೂ ಕಾಡುಹಂದಿಯ ಕಾಟ. ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದ .32 ರಿವಾಲ್ವರ್ ಮನೆಯಲ್ಲಿದೆ. ವಯಸ್ಸು ಐವತ್ತು ದಾಟಿ, ನಳಿಗೆಯ ತುದಿಯ ಮಣಿ ಮಂಜಾಗಿ ಕಾಣತೊಡಗಿದೆ. "ಇದರಾಗ ಯಾವುದು ಚಲೋ ಅದ, ಓದಿ ಹೇಳಪಾ" ಎಂದರು.

ಈ ಪ್ರಸಂಗವನ್ನು ನಮ್ಮ ಬಳಗದ ಗೆಳೆಯರೆದುರು ಹೇಳಿದಾಗ ಎರಡು ಬಗೆಯ ಪ್ರತಿಕ್ರಿಯೆ ಬಂತು. ಕೊಲ್ಲುವ ಸಾಧನದ ಮಾತೇ ಸಾಹಿತ್ಯದ ಮನೆಯಲ್ಲಿ ಸಲ್ಲದೆಂದು ಕೆಲವರು ಮೂಗು ಮುರಿದರು. ಇನ್ನು ಕೆಲವರು, ಹೇಗೂ ಕೊಲ್ಲುವುದಾದರೆ ಒಳ್ಳೆಯ ಗಾಜಿನಿಂದ ಒಂದೇ ಈಡಿಗೆ ಕೊಲ್ಲಲಿ, ಅದೇ ದಯೆ ಎಂದರು. ಮೊದಲನೆಯವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ರಾತ್ರಿಯೆಲ್ಲ ಓದಿದವರೇ ಅವರು. ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ನಮ್ಮ ಈ ಊರಿನ ಬೊಲಾರಂನಲ್ಲೇ. ಅವನ .405 ವಿಂಚೆಸ್ಟರ್ ಕೋವಿಯ ಹೆಸರನ್ನೂ ಅದಕ್ಕೆ ಕಟ್ಟಿದ ಟಾರ್ಚಿನ ಬೆಳಕನ್ನೂ ಬಲ್ಲ ಓದುಗರು, ಆ ಬೆಳಕು ಏಕೆ ಬೇಕಿತ್ತೆಂದು ಕೇಳುವುದು ಅಸಭ್ಯವೆನ್ನುವುದು ಸೋಗು. ಎರಡನೆಯವರ ವಾದ ಹಾಗಲ್ಲ. ಅದು ಕೇಳಲು ಸಭ್ಯವಾಗಿದೆ, ಕರುಣೆಯ ಭಾಷೆಯಲ್ಲಿದೆ, ಆದ್ದರಿಂದಲೇ ಅಪಾಯಕಾರಿ. ನಾವು ವಿರೋಧಿಸುವುದು ಅದನ್ನು.

ಮೊದಲು ಕಣ್ಣಿನ ಕಷ್ಟವೇನೆಂದು ನೋಡೋಣ. ಸಾದಾ ರಿವಾಲ್ವರಿನಲ್ಲಿ ಗುರಿ ಹಿಡಿಯುವವನು ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು: ಹತ್ತಿರದ ಸೀಳು, ನಳಿಗೆಯ ತುದಿಯ ಮಣಿ, ದೂರದ ಪ್ರಾಣಿ. ಮನುಷ್ಯನ ಕಣ್ಣು ಏಕಕಾಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯಬಲ್ಲದು. ಚಾಳೀಸು ಬಂದವನಿಗೆ ಆ ಒಂದೂ ಕಷ್ಟ. ಕನ್ನಡಕದ ಕೆಳಭಾಗದಿಂದ ಮಣಿಯನ್ನು ಕಾಣಲು ಗೋಣೆತ್ತಿದರೆ ಪ್ರಾಣಿ ಮಸುಕಾಗುತ್ತದೆ. ಗೋಣಿಳಿಸಿದರೆ ಮಣಿ ಮಾಯ. (ಕಚೇರಿಯ ಕಡತಗಳ ಮುಂದೆ ನಮಗೂ ಈಗೀಗ ಇದೇ ಅವಸ್ಥೆ. ಕಡತಕ್ಕೆ ನೋವಿಲ್ಲವೆಂಬುದೊಂದೇ ಸಮಾಧಾನ.)

ಇದಕ್ಕೆ ರೆಡ್ ಡಾಟ್ ಎಂಬುದು ಸೊಗಸಾದ ಪರಿಹಾರ. ಗಾಜಿನಲ್ಲಿ ಪ್ರತಿಫಲಿಸುವ ಕೆಂಪು ಚುಕ್ಕೆ ಪ್ರಾಣಿಯಿರುವಷ್ಟೇ ದೂರದಲ್ಲಿ ತೇಲುವಂತೆ ಕಾಣುತ್ತದೆ. ಮೂರನ್ನು ಹೊಂದಿಸುವ ಬದಲು ಚುಕ್ಕೆಯನ್ನು ಪ್ರಾಣಿಯ ಮೇಲಿಟ್ಟರೆ ಸಾಕು. ಬ್ಯಾಟರಿಯಿಂದ ಬೆಳಗುವ ಇಂತಹ ಗಾಜನ್ನು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಅದರ ಮೂಲತತ್ವಕ್ಕೆ 1900ರಲ್ಲೇ ಪೇಟೆಂಟು ಪಡೆದವನು ಡಬ್ಲಿನ್ನಿನ ಹೊವರ್ಡ್ ಗ್ರಬ್. ಈ ಹೆಸರು ಹೈದರಾಬಾದಿನವರಿಗೆ ಪರಕೀಯವಾಗಬಾರದು. ನವಾಬ್ ಜಫರ್ ಜಂಗ್ ಸ್ಥಾಪಿಸಿದ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕ ಅದೇ ಗ್ರಬ್ ಕಾರ್ಖಾನೆಯದು. ಬೇಗಂಪೇಟೆಯ ಆ ವೀಕ್ಷಣಾಲಯದಲ್ಲಿ ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಅಳೆದು ಪಟ್ಟಿಮಾಡಿದರು. ನಕ್ಷತ್ರವನ್ನು ಗಾಜಿನಲ್ಲಿ ಕಂಡವನು ಅದನ್ನು ಮುಟ್ಟಿದೆನೆಂದು ಭಾವಿಸುವುದಿಲ್ಲ. ಹಂದಿಯನ್ನು ಗಾಜಿನಲ್ಲಿ ಕಂಡವನಿಗೆ ಈ ಎಚ್ಚರ ಇರುವುದಿಲ್ಲವೆಂಬುದೇ ನಮ್ಮ ತಕರಾರು.

ಕಾಕಾ ತಂದ ಪುಟಗಳು ಈ ವಿಷಯದಲ್ಲಿ ನಮ್ಮ ಗೆಳೆಯರಿಗಿಂತ ಪ್ರಾಮಾಣಿಕವಾಗಿದ್ದವು. ಚುಕ್ಕೆಯ ಗಾತ್ರವನ್ನು ಅವರು ಕೋನದ ಮಿನಿಟುಗಳಲ್ಲಿ ಅಳೆಯುತ್ತಾರೆ. ಒಂದು ಮಿನಿಟು ಎಂದರೆ ನೂರು ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರು. ಆರು ಮಿನಿಟಿನ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಐವತ್ತು ಮೀಟರಿನಲ್ಲಿ ಎಂಟೂವರೆ ಸೆಂಟಿಮೀಟರಿಗೂ ಹೆಚ್ಚು ಜಾಗವನ್ನು ಮುಚ್ಚಿಬಿಡುತ್ತದೆ. ಮೂರು ಮಿನಿಟಿನದು ನಿಖರ, ಹುಡುಕುವುದು ನಿಧಾನ. ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ ದೋಷವಿದ್ದರೆ ಚುಕ್ಕೆ ದುಂಡಗೆ ಕಾಣದೆ ಬಾಲವಿರುವ ನಕ್ಷತ್ರದಂತೆ ಹರಡುತ್ತದೆ. ಮುಸ್ಸಂಜೆಯಲ್ಲಿ ಹೊಳಪನ್ನು ತಗ್ಗಿಸದಿದ್ದರೆ ಕೆಂಪು ಬೆಳಕೇ ಪ್ರಾಣಿಯನ್ನು ನುಂಗುತ್ತದೆ. ಹಂದಿಗಳು ಬರುವುದೋ ಆ ಹೊತ್ತಿನಲ್ಲೇ, ಅಥವಾ ಅದಕ್ಕೂ ತಡವಾಗಿ.

ಇನ್ನು ದೂರದ್ದನ್ನು ದೊಡ್ಡದಾಗಿಸುವ ಸ್ಕೋಪು. ರೈಫಲ್ಲಿನ ಸ್ಕೋಪಿಗೆ ಕಣ್ಣು ಎಂಟು ಹತ್ತು ಸೆಂಟಿಮೀಟರಿನಷ್ಟು ಹತ್ತಿರವಿರಬೇಕು. ರಿವಾಲ್ವರನ್ನು ಕೈಚಾಚಿ ಹಿಡಿಯುವುದರಿಂದ ಅದಕ್ಕೆ ಮೊಳದುದ್ದ ದೂರದಿಂದ ನೋಡಬಲ್ಲ ಬೇರೆಯೇ ಬಗೆಯ ಸ್ಕೋಪ್ ಬೇಕು. ಅದರಲ್ಲಿ ನೋಟದ ಹರವು ಕಿರಿದು, ತಲೆ ಕೊಂಚ ಸರಿದರೂ ಕತ್ತಲೆ. ಎರಡು ಪಟ್ಟು ಹಿಗ್ಗಿಸಿದರೆ ಕೈನಡುಕವೂ ಎರಡು ಪಟ್ಟು ಕಾಣುತ್ತದೆ. ಏಳು ಪಟ್ಟಿಗೆ ಹೋದರೆ ಕೈಗೆ ಆಸರೆಯಿಲ್ಲದೆ ಹಿಡಿದವನಿಗೆ ಪ್ರಾಣಿ ಗಾಜಿನೊಳಗೆ ಕುಣಿಯುತ್ತದೆ. ಮೇಲಾಗಿ ಇವೆಲ್ಲ ಬರೆದಿರುವುದು .44 ಮ್ಯಾಗ್ನಮ್‌ನಂತಹ ರಿವಾಲ್ವರುಗಳಿಗೆ. 1955ರಲ್ಲಿ ಹೊರಬಂದ ಆ ತೋಟಾದ ಬಲ ಸಾವಿರ ಜೌಲಿಗೂ ಹೆಚ್ಚು. ಅಷ್ಟಿದ್ದೂ ಅಮೆರಿಕದ ಅನೇಕ ರಾಜ್ಯಗಳು ಬೇಟೆಯ ಕೈಬಂದೂಕಿಗೆ ಇಷ್ಟು ಗಾತ್ರಕ್ಕಿಂತ, ಇಷ್ಟು ಬಲಕ್ಕಿಂತ ಕಡಿಮೆಯಿರಕೂಡದೆಂದು ಕಟ್ಟಳೆ ಮಾಡಿವೆ.

ನಮ್ಮ ಕಾಕಾನ ರಿವಾಲ್ವರ್ ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ಸಾಮಾನ್ಯ ನಾಗರಿಕನಿಗೆ ನಮ್ಮ ದೇಶದಲ್ಲಿ ದೊರೆಯುವುದು ಬಹುಮಟ್ಟಿಗೆ ಈ .32 ಗಾತ್ರದ್ದೇ. ಅದರ ಗುಂಡಿನ ಬಲ ಇನ್ನೂರು ಜೌಲ್ ಮುಟ್ಟದು. ಸ್ಕೋಪ್ ಕೂಡಿಸುವ ಪಟ್ಟಿಯೂ ಅದರ ಮೇಲಿಲ್ಲ. ಕೋಣೆಯ ಅಗಲದಷ್ಟು ದೂರದಲ್ಲಿ ಪ್ರಾಣಭಯವಾದಾಗ ಬಳಸಲೆಂದು ಮಾಡಿದ ವಸ್ತು ಅದು. ಹಂದಿಯ ಹೆಗಲಿನ ದಪ್ಪ ಚರ್ಮ, ಕೊಬ್ಬು, ಎಲುಬು ದಾಟಿ ಹೃದಯ ಮುಟ್ಟುವುದು ಅದರ ಕೆಲಸವಲ್ಲ. ಅದರ ಮೇಲೆ ಜಗತ್ತಿನ ಅತ್ಯುತ್ತಮ ಗಾಜನ್ನು ಕೂಡಿಸಿದರೆ ಏನಾಗುತ್ತದೆ? ಹತ್ತು ಮೀಟರಿನಲ್ಲಿ ಹೊಡೆಯಲು ಹಿಂಜರಿಯುತ್ತಿದ್ದವನು ನಲವತ್ತು ಮೀಟರಿನಲ್ಲಿ ಹೊಡೆಯುತ್ತಾನೆ. ಗುಂಡು ನಿಖರವಾಗಿ ತಾಗುತ್ತದೆ, ಹಂದಿ ಸಾಯುವುದಿಲ್ಲ. ಹೊಟ್ಟೆಯಲ್ಲಿ ಸೀಸ ಹೊತ್ತು ಕಬ್ಬಿನ ಗದ್ದೆಗೋ ಹಳ್ಳದ ಪೊದೆಗೋ ನುಗ್ಗಿ ಮೂರು ದಿನ ನರಳುತ್ತದೆ. ನಡುವೆ ಅದಕ್ಕೆ ಎದುರಾಗುವುದು ಹುಲ್ಲು ತರಲು ಹೋದ ಹೆಂಗಸು. ದಯೆಯೆಂದು ಗೆಳೆಯರು ಹೇಳಿದ್ದು ಇದನ್ನೇ ಆದರೆ, ಆ ಪದವನ್ನು ಅವರು ಮರಳಿ ಕೊಡಲಿ.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ಲೆಕ್ಕ ಬೇಟೆಯ ಇತಿಹಾಸದಲ್ಲಿ ಎಲ್ಲಿಯೂ ಸರಿಯಾಗಿ ದಾಖಲಾಗಿಲ್ಲ. ನಮ್ಮ ಊರಿನ ದೀನ್ ದಯಾಳ್ ತೆಗೆದ ಷಿಕಾರಿಯ ಚಿತ್ರಗಳನ್ನು ನೋಡಿ. ಅಲ್ಲಿ ಕಾಲ ಬಳಿ ಮಲಗಿಸಿದ ಹುಲಿಗಳಿವೆ, ಟೊಪ್ಪಿಗೆಯ ಸಾಹೇಬರಿದ್ದಾರೆ. ತಪ್ಪಿದ ಈಡಿನ ಚಿತ್ರ ತೆಗೆಯುವುದು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲವಷ್ಟೆ. ಆ ಲೆಕ್ಕ ಸಿಗುವುದು ಬೇರೆ ಕಡೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಮೇಲಿನ ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಹಿಂದೆಂದೋ ಹಾರಿಸಿದ ಗುಂಡಿನ ಗುರುತು ಅದೆಂದೂ, ಸಹಜ ಬೇಟೆ ಕೈಗೂಡದೆ ಅದು ನರಭಕ್ಷಕವಾಯಿತೆಂದೂ ಅವನು ಬರೆದಿದ್ದಾನೆ. ಅದು ಕೊಂದವರೆಂದು ಹೇಳಲಾಗುವ ಸಂಖ್ಯೆ 436. ಆ ಮೊದಲ ಗುಂಡು ಹಾರಿಸಿದವನ ಹೆಸರು ಯಾರಿಗೂ ತಿಳಿಯದು. ಅಂದು ಸಂಜೆ ಅವನು ಮನೆಗೆ ಹೋಗಿ ಊಟಮಾಡಿ ಮಲಗಿರಬಹುದು.

ಇದೆಲ್ಲ ಹಳೆಯ ಕತೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೇ ನಿಷಿದ್ಧವಲ್ಲವೇ ಎಂದು ಓದುಗರು ಕೇಳಬಹುದು. ಹವ್ಯಾಸದ ಬೇಟೆ ನಿಷಿದ್ಧ, ನಿಜ. ಆದರೆ ಅದೇ ಕಾಯಿದೆಯ 11ನೆಯ ಕಲಮಿನಡಿ, ಜೀವಕ್ಕೋ ಬೆಳೆಗೋ ಅಪಾಯವಾದಾಗ ಪ್ರಾಣಿಯನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. 62ನೆಯ ಕಲಮಿನಡಿ ಕೆಲವು ಪ್ರಾಣಿಗಳನ್ನು ಪೀಡಕವೆಂದು ಘೋಷಿಸಬಹುದು. ಹಾಗೆ ಘೋಷಿಸಿದ ಮೇಲೆಯೇ 2016ರ ಜೂನಿನಲ್ಲಿ ಬಿಹಾರದ ಮೊಕಾಮಾದಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಕೊಂದದ್ದು. ಕೊಲ್ಲಲು ಕರೆಸಿದವರು ಹೈದರಾಬಾದಿನಿಂದ ಹೋದ ಗುರಿಕಾರರು. ಕೇಂದ್ರದ ಇಬ್ಬರು ಮಂತ್ರಿಗಳು ಬಹಿರಂಗವಾಗಿ ಜಗಳವಾಡಿದರು. ಒಬ್ಬರಿಗೆ ಅದು ಕೊಲ್ಲುವ ಚಪಲ, ಇನ್ನೊಬ್ಬರಿಗೆ ರೈತನ ರಕ್ಷಣೆ. 2018ರ ನವೆಂಬರ್ 2ರ ರಾತ್ರಿ ಯವತಮಾಳದಲ್ಲಿ ಅವನಿ ಎಂಬ ಹೆಣ್ಣುಹುಲಿಯನ್ನು ಹೊಡೆದುರುಳಿಸಿದವರೂ ನಮ್ಮ ಊರಿನವರೇ. ತೆಲಂಗಾಣದಲ್ಲೂ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಸಿಕ್ಕಿದ್ದುಂಟು. ಈ ವಾಗ್ವಾದಗಳು ಕೊಲ್ಲಬೇಕೇ ಬೇಡವೇ ಎಂಬುದರ ಸುತ್ತಲೇ ತಿರುಗುತ್ತವೆ. ಯಾವ ಕೋವಿ, ಯಾವ ತೋಟಾ, ಎಷ್ಟು ದೂರ, ಎಷ್ಟು ಬೆಳಕು, ಗಾಯಗೊಂಡದ್ದನ್ನು ಹುಡುಕಿ ಮುಗಿಸುವವರು ಯಾರು ಎಂಬ ಪ್ರಶ್ನೆಗಳು ಚರ್ಚೆಯ ಮಟ್ಟಕ್ಕೆ ಏರುವುದೇ ಇಲ್ಲ. ಸಾಧನದ ಮಾತು ಅಸಭ್ಯವೆಂದು ಮೂಗು ಮುರಿಯುವ ನಮ್ಮಂಥವರೂ ಇದಕ್ಕೆ ಹೊಣೆ. ನಾವು ಬಿಟ್ಟುಕೊಟ್ಟ ಆ ಮಾತನ್ನು ಗಾಜು ಮಾರುವವರು ಎತ್ತಿಕೊಂಡಿದ್ದಾರೆ.

ಹಾಗಾದರೆ ಬೇಟೆಯ ರಿವಾಲ್ವರಿಗೆ ಯೋಗ್ಯವಾದ ಗಾಜು ಯಾವುದು? ಬೇಟೆಗೆ ಅವಕಾಶವಿರುವ ದೇಶದಲ್ಲಿ, ಸಾಕಷ್ಟು ಬಲವುಳ್ಳ ರಿವಾಲ್ವರಿಗೆ, ವಯಸ್ಸಾದ ಕಣ್ಣಿಗೆ, ಸಣ್ಣ ಚುಕ್ಕೆಯ, ಹಿಗ್ಗಿಸದ ರೆಡ್ ಡಾಟು. ಅದು ಮಂಜನ್ನು ನೀಗುತ್ತದೆ, ಆದರೆ ದೂರವನ್ನು ಹತ್ತಿರವೆಂದು ನಂಬಿಸುವುದಿಲ್ಲ. ಕೊಲ್ಲುವವನು ಪ್ರಾಣಿಯ ಹತ್ತಿರಕ್ಕೆ ಹೋಗಲೇಬೇಕಾಗುತ್ತದೆ. ಹಿಗ್ಗಿಸುವ ಸ್ಕೋಪು ಬಂಡೆಯ ಮೇಲೋ ಮರಳಿನ ಚೀಲದ ಮೇಲೋ ಕೈ ಊರಿ ಹೊಡೆಯುವವನಿಗೆ ಮಾತ್ರ. ತೆಲಂಗಾಣದ ಹೊಲದಲ್ಲಿ, .32ರ ಮೇಲೆ, ಹಂದಿಗಾಗಿ? ಯಾವುದೂ ಬೇಡ.

ಕಾಕಾಗೆ ಇದನ್ನೇ ಹೇಳಿದೆವು. ಕೊಲ್ಲಲೇಬೇಕಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ತಕ್ಕ ರೈಫಲ್ಲುಳ್ಳವರು ಬರಲಿ, ಈ ರಿವಾಲ್ವರ್ ಬೀರುವಿನಲ್ಲೇ ಇರಲಿ ಎಂದೆವು. ಅವರಿಗೆ ರುಚಿಸಲಿಲ್ಲ. ಪುಟಗಳನ್ನು ಮಡಚಿ ಜೇಬಿಗಿಟ್ಟುಕೊಂಡು, "ಅರ್ಜಿ ಓದೂತನ ಹಂದಿ ಕಾಯ್ತದೇನು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಬೆಳೆನಷ್ಟದ ಪರಿಹಾರ ಸುಗ್ಗಿಯೊಳಗೆ ಕೈಸೇರುವಂತಿದ್ದರೆ ಆ ಹತ್ತು ಹನ್ನೆರಡು ಪುಟಗಳು ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ.

ಈ ವರ್ಷ ಅವರು ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟಿದ್ದಾರೆ. ಮೂರು ಕಡೆ ಹಂದಿ ಬಂದಿಲ್ಲ, ಹಳ್ಳದ ಕಡೆ ಬಂದಿದೆ.