ಆಟ ಮುಗಿದ ಮೇಲೆ?

‘ಆಟದಿಂದ ಹೊಟ್ಟೆ ತುಂಬುತ್ತದೆಯೇ?’ ಪಾಲಕರ ಈ ಪ್ರಶ್ನೆ ತಪ್ಪಲ್ಲ. ಉತ್ತರಕ್ಕಾಗಿ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ (1971-2020) ಅವರನ್ನು ನೋಡಿ.

ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಇರಾಕಿನ ಅಲ್ ಜವ್ರಾ ವಿರುದ್ಧ ಮೂರು ಗೋಲು ಹೊಡೆದರು. ತಂಡ 6-2ರಿಂದ ಗೆದ್ದಿತು. ಮುಂದೆ ಭಾರತ ತಂಡದ ನಾಯಕರೂ ಆದರು.

2001ರಲ್ಲಿ ಆಟ ಬಿಟ್ಟಾಗ ವಯಸ್ಸು ಬರೀ 30. ಕಾಲಿನ ವೇಗ ಆ ವಯಸ್ಸಿನ ಆಚೆ ಇಳಿಯುತ್ತದೆ. ಆಟದ ತಿಳಿವಳಿಕೆ ಇಳಿಯುವುದಿಲ್ಲ. ಅವರು ಕಲಿತ ಅಕಾಡೆಮಿಯಲ್ಲೇ ತರಬೇತುದಾರರಾದರು. ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡವನ್ನೂ ಪಳಗಿಸಿದರು.

ಮಕ್ಕಳೇ, ಚೆಂಡು ಒದೆಯುವುದಷ್ಟೇ ಸಾಲದು. ಹೀಗೇ ಏಕೆ ಒದೆಯಬೇಕೆಂದು ಗೆಳೆಯನಿಗೆ ಬಿಡಿಸಿ ಹೇಳಲೂ ಕಲಿಯಿರಿ. ಎರಡನೇ ಉದ್ಯೋಗ ಅಲ್ಲಿಂದಲೇ ಶುರು.