ಓಪಿಯಾಯ್ಡ್ ವ್ಯಸನಿಗಳಿಗೆ ಠಾಣೆ ಮತ್ತು ಕೆಲಸದ ಸ್ಥಳದಿಂದಲೇ ಚಿಕಿತ್ಸೆಯ ದಾರಿ ತೆರೆಯುವಂತೆ ಕೋರಿ ಮನವಿ ಪತ್ರ

ಇವರಿಗೆ,
ಸರ್ಕಾರದ ಮುಖ್ಯ ಕಾರ್ಯದರ್ಶಿಗಳು ಹಾಗೂ ಅಧ್ಯಕ್ಷರು,
ರಾಜ್ಯ ಮಟ್ಟದ ನಾರ್ಕೋ ಸಮನ್ವಯ ಸಮಿತಿ (ಎನ್‌ಕಾರ್ಡ್),
ವಿಧಾನಸೌಧ, ಬೆಂಗಳೂರು.

ವಿಷಯ: ಓಪಿಯಾಯ್ಡ್ ವ್ಯಸನದ ವಿಚಾರದಲ್ಲಿ ಪೊಲೀಸ್ ಇಲಾಖೆ ಮತ್ತು ಉದ್ಯೋಗದಾತರು ಅನುಸರಿಸಬೇಕಾದ ಕ್ರಮಗಳ ಕುರಿತು.

ಮಾನ್ಯರೇ,

ಅಫೀಮಿನಿಂದ ತೆಗೆದ ಅಥವಾ ಅಫೀಮಿನಂತೆಯೇ ಮೆದುಳಿನ ಮೇಲೆ ಕೆಲಸ ಮಾಡುವಂತೆ ತಯಾರಿಸಿದ ದ್ರವ್ಯಗಳನ್ನು ವೈದ್ಯಶಾಸ್ತ್ರವು ಓಪಿಯಾಯ್ಡ್ ಎಂದು ಕರೆಯುತ್ತದೆ. ಹೆರಾಯಿನ್, ಮಾರ್ಫಿನ್‌ಗಳಷ್ಟೇ ಅಲ್ಲದೆ ಟ್ರಮಡಾಲ್, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳೂ ಇದೇ ಗುಂಪಿಗೆ ಸೇರುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಿದ್ದು, ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವು ಬೇಕಾಗಿದೆ ಎಂದು ಅಂದಾಜಿಸಿತು. ಕರ್ನಾಟಕದಲ್ಲಿ ಈ ವ್ಯಸನಕ್ಕೆ ಮಾತ್ರೆಯ ರೂಪವೂ ಇದೆ. ನೋವಿಗೆಂದು ತಯಾರಾದ ಮಾತ್ರೆಯನ್ನು ಪುಡಿಮಾಡಿ, ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವ ಯುವಕರು ಪೊಲೀಸರಿಗೆ ಹೊಸಬರಲ್ಲ. ಟ್ಯಾಪೆಂಟಡಾಲ್‌ಗೆ ಅಂಟಿಕೊಂಡವರ ಪ್ರಕರಣಗಳನ್ನು ನಿಮ್ಹಾನ್ಸ್ ವೈದ್ಯರೂ ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದ್ದಾರೆ.

ಇಂಥವರ ಕುಟುಂಬದವರು, ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಮತ್ತು ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ತೊಡಗಿರುವವರು ಒಟ್ಟಾಗಿ ಸಲ್ಲಿಸುತ್ತಿರುವ ಈ ಮನವಿಯ ಆಧಾರ ಒಂದೇ ಸಂಗತಿ: ವ್ಯಸನಿಯನ್ನು ಚಿಕಿತ್ಸೆಯಿಲ್ಲದೆ ಬಂಧಿಸುವುದಾಗಲಿ, ಚಿಕಿತ್ಸೆಯಿಲ್ಲದೆ ಕೆಲಸದಿಂದ ತೆಗೆಯುವುದಾಗಲಿ ಅವನ ಸಾವಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ದಿನವೂ ಓಪಿಯಾಯ್ಡ್ ಸೇವಿಸುವ ದೇಹವು ಕ್ರಮೇಣ ದೊಡ್ಡ ಪ್ರಮಾಣವನ್ನೂ ತಾಳಿಕೊಳ್ಳಲು ಕಲಿಯುತ್ತದೆ. ಸೇವನೆ ನಿಂತ ಕೆಲವೇ ದಿನಗಳಲ್ಲಿ ಆ ತಾಳಿಕೆ ಕುಸಿಯುತ್ತದೆ. ಆದರೆ ಬಯಕೆ ಅಷ್ಟು ಬೇಗ ಹೋಗುವುದಿಲ್ಲ. ಜೈಲಿನಿಂದಲೋ ಔಷಧ ಕೊಡದ ಪುನರ್ವಸತಿ ಕೇಂದ್ರದಿಂದಲೋ ಹೊರಬಂದವನು ಹಳೆಯ ಪ್ರಮಾಣಕ್ಕೇ ಮರಳಿದರೆ ಅದು ಈಗ ಅವನ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವು, ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಪ್ರಮಾಣ ಅಲ್ಲಿನ ಇತರ ನಿವಾಸಿಗಳಿಗಿಂತ 12 ಪಟ್ಟಿಗೂ ಹೆಚ್ಚಿತ್ತೆಂದೂ, ಆ ಸಾವುಗಳಿಗೆ ಮಾದಕ ದ್ರವ್ಯದ ಅತಿಸೇವನೆಯೇ ಮುಖ್ಯ ಕಾರಣವಾಗಿತ್ತೆಂದೂ ತೋರಿಸಿತು.

ಕಾನೂನು ಈ ವಿಚಾರದಲ್ಲಿ ಕುರುಡಾಗಿಲ್ಲ ಎಂಬುದನ್ನು ಸಮಿತಿಯ ಗಮನಕ್ಕೆ ವಿಶೇಷವಾಗಿ ತರಬೇಕಾಗಿದೆ. ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, 1985ರ (ಎನ್‌ಡಿಪಿಎಸ್ ಕಾಯ್ದೆ) ಕಲಂ 27 ಸೇವನೆಯನ್ನು ಅಪರಾಧವೆಂದು ಪರಿಗಣಿಸಿದರೂ, ಅದೇ ಕಾಯ್ದೆಯ ಕಲಂ 64ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಈ ರಕ್ಷಣೆಯನ್ನು ಹಿಂಪಡೆಯಬಹುದು. ಹೆರಾಯಿನ್‌ನ ಮಟ್ಟಿಗೆ ಅಲ್ಪ ಪ್ರಮಾಣವೆಂದರೆ 5 ಗ್ರಾಂ. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು ಕಲಂ 39 ನ್ಯಾಯಾಲಯಕ್ಕೆ ಕೊಟ್ಟಿದೆ. ಬಂಧಿತನಿಗೆ ತಿಳಿಯದ ಹಕ್ಕು ಇದ್ದೂ ಇಲ್ಲದಂತೆ. ಆದ್ದರಿಂದ, ಕಲಂ 27ರಡಿ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಯಾರನ್ನೇ ಠಾಣೆಗೆ ಕರೆತಂದರೂ ಕಲಂ 64ಎಯ ಸಾರಾಂಶವನ್ನು ಅವರ ಭಾಷೆಯಲ್ಲಿ ಓದಿಹೇಳಿ, ಮನೆಯವರ ಸಮ್ಮುಖದಲ್ಲಿ ಅವರ ಇಚ್ಛೆಯನ್ನು ಬರಹದಲ್ಲಿ ದಾಖಲಿಸಿ, ಒಪ್ಪಿದವರನ್ನು ಅಂದೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸುವಂತೆ ರಾಜ್ಯ ಪೊಲೀಸ್ ಮಹಾನಿರ್ದೇಶಕರ ಮೂಲಕ ಸುತ್ತೋಲೆ ಹೊರಡಿಸಬೇಕು.

ಠಾಣೆಯೊಳಗಿನ ಮೊದಲ ರಾತ್ರಿಯನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕಾದುದಿದೆ. ಹೆರಾಯಿನ್‌ಗೆ ಅಂಟಿಕೊಂಡವನನ್ನು ಲಾಕಪ್ಪಿನಲ್ಲಿಟ್ಟರೆ ಅರ್ಧ ದಿನ ಕಳೆಯುವುದರೊಳಗೆ ಮೇಲಿಂದ ಮೇಲೆ ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು, ಮೈಮೇಲಿನ ರೋಮ ನಿಮಿರುವುದು, ಹೊಟ್ಟೆ ಹಿಂಡುವ ನೋವು, ವಾಂತಿ ಭೇದಿ ಶುರುವಾಗಿ, ಎರಡು ಮೂರನೆಯ ದಿನಕ್ಕೆ ವಿಪರೀತಕ್ಕೇರುತ್ತವೆ. ಸೇವನೆ ಏಕಾಏಕಿ ನಿಂತಾಗ ದೇಹ ತೋರುವ ಈ ಪ್ರತಿಕ್ರಿಯೆಗೆ ವಿತ್‌ಡ್ರಾವಲ್ ಎಂದು ಹೆಸರು. ಇದನ್ನು ನಾಟಕವೆಂದು ತಳ್ಳಿಹಾಕಿದರೆ, ನೀರಿನಂಶ ಕಳೆದುಕೊಂಡು ಬಂಧಿತನ ಜೀವಕ್ಕೇ ಅಪಾಯವಾಗಬಹುದು. ಹೀಗಾಗಿ ಲಾಕಪ್ ಪಹರೆಯ ಸಿಬ್ಬಂದಿಗೆ ಈ ಲಕ್ಷಣಗಳನ್ನು ಗುರುತಿಸುವ ತರಬೇತಿಯನ್ನೂ, ಕಂಡಕೂಡಲೇ ವೈದ್ಯರನ್ನು ಕರೆಸುವ ಹೊಣೆಯನ್ನೂ ಲಿಖಿತವಾಗಿ ಕೊಡಬೇಕು.

ಅತಿಸೇವನೆಯ ಚಿತ್ರ ಇದಕ್ಕೆ ಪೂರ್ತಿ ವ್ಯತಿರಿಕ್ತ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ಉಗುರುಗಳು ನೀಲಿಗಟ್ಟಿ, ಎಷ್ಟು ಅಲುಗಾಡಿಸಿದರೂ ಎಚ್ಚರಗೊಳ್ಳದ ವ್ಯಕ್ತಿಯ ಉಸಿರು ತೀರಾ ನಿಧಾನವಾಗುತ್ತದೆ. ಆಗ ಸ್ನಾಯುವಿಗೆ ಚುಚ್ಚುವ ನಲಾಕ್ಸೋನ್ ಎಂಬ ಪ್ರತ್ಯೌಷಧವು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ ಉಳಿಯುವುದರಿಂದ ರೋಗಿಯನ್ನು ಆಸ್ಪತ್ರೆಗೆ ಸಾಗಿಸಲೇಬೇಕು. ಅತಿಸೇವನೆಯನ್ನು ಎದುರುಗಾಣುವ ಸಂಭವವಿರುವ ಸಾಮಾನ್ಯ ಜನರಿಗೂ ಈ ಔಷಧ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಶಿಫಾರಸು ಮಾಡಿದೆ. ಪೊಲೀಸರ ಹೊಯ್ಸಳ ಮತ್ತು 112 ವಾಹನಗಳಲ್ಲಿ, 108 ಆಂಬುಲೆನ್ಸ್‌ಗಳಲ್ಲಿ ನಲಾಕ್ಸೋನ್ ಇರಿಸಲು ಔಷಧ ನಿಯಂತ್ರಣ ಇಲಾಖೆಯೊಂದಿಗೆ ಸಮಾಲೋಚಿಸಿ ಅಗತ್ಯ ಅನುಮತಿ ಕೊಡಿಸಬೇಕು. ಅದರಷ್ಟೇ ಮುಖ್ಯವಾದದ್ದು, ಅತಿಸೇವನೆಯ ಸುದ್ದಿ ಕೊಟ್ಟ ಸ್ನೇಹಿತನ ಮೇಲೆ ಸೇವನೆಯ ಪ್ರಕರಣ ದಾಖಲಿಸದಿರುವುದು. ಕೇಸಿನ ಭಯದಿಂದ ಜೊತೆಗಾರರು ಓಡಿಹೋದರೆ ಕರೆ ಮಾಡುವವರೇ ಉಳಿಯುವುದಿಲ್ಲ.

ಈ ಬೇಡಿಕೆಗಳು ಅಸಾಧ್ಯವಾದವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ಲಾಸ್ಟರ್ ಪಟ್ಟಣದ ಪೊಲೀಸರು 2015ರಲ್ಲಿ, ಮಾದಕ ವಸ್ತುವಿನೊಡನೆ ಠಾಣೆಗೆ ಬಂದು ನೆರವು ಕೇಳಿದವರ ಮೇಲೆ ಪ್ರಕರಣ ಹಾಕದೆ ಚಿಕಿತ್ಸೆಗೆ ಸೇರಿಸುವ ಪದ್ಧತಿ ಆರಂಭಿಸಿದರು. ಪಂಜಾಬ್ 2018ರಲ್ಲಿ ಹೊರರೋಗಿ ಚಿಕಿತ್ಸಾಲಯಗಳನ್ನು ತೆರೆದು, ವೈದ್ಯರ ನಿಗಾದಲ್ಲಿ ದಿನವೂ ಬುಪ್ರೆನಾರ್ಫಿನ್ ಮಾತ್ರೆ ಕೊಡತೊಡಗಿತು. ಬಯಕೆಯನ್ನೂ ವಿತ್‌ಡ್ರಾವಲ್ ನೋವನ್ನೂ ತಣಿಸಿ ರೋಗಿಯನ್ನು ದುಡಿಮೆಗೆ ಮರಳಿಸುವ ಈ ಔಷಧವು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕರ್ನಾಟಕದ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದು ವರ್ಷವಿಡೀ ದೊರೆಯದಿದ್ದರೆ ಪೊಲೀಸರಿಗೆ ಕಳುಹಿಸಲು ಜಾಗವೇ ಇರುವುದಿಲ್ಲ; ಮೇಲಿನ ಸುತ್ತೋಲೆಯೂ ಕಾಗದದಲ್ಲೇ ಉಳಿಯುತ್ತದೆ.

ಪೊಲೀಸರ ಜೊತೆಗೆ ಉದ್ಯೋಗದಾತರಿಗೂ ಹೊಣೆಯಿದೆ. ಹಮಾಲಿ, ಕಲ್ಲುಗಣಿ, ಕಟ್ಟಡ ನಿರ್ಮಾಣ, ಲಾರಿ ಚಾಲನೆಯಂಥ ದುಡಿಮೆಯಲ್ಲಿ ಸೊಂಟನೋವು, ಮಂಡಿನೋವು ನಿತ್ಯದ ಸಂಗತಿ. ಆ ನೋವಿಗೆ ಚೀಟಿಯಿಲ್ಲದೆ ಕೊಂಡ ಮಾತ್ರೆಯೇ ಕೆಲವರಿಗೆ ಚಟದ ಮೊದಲ ಮೆಟ್ಟಿಲಾಗುತ್ತದೆ. ಹೀಗಿರುವಾಗ ಮೂತ್ರ ಪರೀಕ್ಷೆ ಮಾಡಿಸಿ ಕೆಲಸದಿಂದ ತೆಗೆಯುವುದು ಅನ್ಯಾಯವಷ್ಟೇ ಅಲ್ಲ, ಅವೈಜ್ಞಾನಿಕವೂ ಹೌದು. ಸಾಮಾನ್ಯ ಪಟ್ಟಿ (ಸ್ಟ್ರಿಪ್) ಪರೀಕ್ಷೆಯು ಅಫೀಮಿನ ಮಾರ್ಫಿನ್ ಅಂಶವನ್ನು ಹುಡುಕುವುದರಿಂದ, ಹಬ್ಬದ ದಿನ ಗಸಗಸೆ ಪಾಯಸ ಉಂಡವನ ಮೂತ್ರದಲ್ಲಿ ಅದು ಕಾಣಿಸಿಕೊಳ್ಳಬಹುದು. ಟ್ಯಾಪೆಂಟಡಾಲ್ ನುಂಗಿದವನು ಅದೇ ಪರೀಕ್ಷೆಯಲ್ಲಿ ಪಾರಾಗಬಹುದು. ಪ್ರಯೋಗಾಲಯದ ದೃಢೀಕರಣ ಮತ್ತು ವೈದ್ಯರ ಅಭಿಪ್ರಾಯವಿಲ್ಲದ ಯಾವ ಫಲಿತಾಂಶವೂ ಶಿಸ್ತುಕ್ರಮಕ್ಕೆ ಆಧಾರವಾಗಬಾರದೆಂದು ಕಾರ್ಮಿಕ ಇಲಾಖೆ ಆದೇಶಿಸಬೇಕು.

ಮದ್ಯ ಮತ್ತು ಮಾದಕ ವ್ಯಸನವನ್ನು ಆರೋಗ್ಯದ ಸಮಸ್ಯೆಯೆಂದೇ ನೋಡಬೇಕು, ಗೋಪ್ಯತೆ ಕಾಪಾಡಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಸಂಹಿತೆ ಹೇಳುತ್ತದೆ. ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಕೂಡ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಕೆಎಸ್‌ಆರ್‌ಟಿಸಿ ತನ್ನ ಸಿಬ್ಬಂದಿಯ ಮದ್ಯವ್ಯಸನದ ವಿಚಾರದಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕೆಲಸ ಮಾಡಿದ ಅನುಭವ ಈ ರಾಜ್ಯದಲ್ಲೇ ಇರುವಾಗ, ಉಳಿದ ನಿಗಮಗಳಿಗೂ ಖಾಸಗಿ ಕಾರ್ಖಾನೆಗಳಿಗೂ ಅದನ್ನು ಓಪಿಯಾಯ್ಡ್‌ವರೆಗೆ ವಿಸ್ತರಿಸುವುದು ಕಷ್ಟವಾಗಬಾರದು. ತಾನಾಗಿ ಮುಂದೆ ಬಂದು ಚಿಕಿತ್ಸೆ ಕೇಳಿದ ಕೆಲಸಗಾರನ ಹುದ್ದೆಯನ್ನು ಕಾಯ್ದಿರಿಸಬೇಕು. ಚಾಲಕರು, ಕ್ರೇನ್ ನಡೆಸುವವರು ಮುಂತಾದವರಿಗೆ ಚಿಕಿತ್ಸೆ ಒಂದು ಹದಕ್ಕೆ ಬರುವವರೆಗೆ ಅಪಾಯವಿಲ್ಲದ ಬೇರೆ ಕೆಲಸ ಕೊಡಬೇಕು. ಬುಪ್ರೆನಾರ್ಫಿನ್ ಸೇವಿಸುತ್ತಿದ್ದಾರೆ ಎಂಬುದೊಂದೇ ಕಾರಣಕ್ಕೆ ಯಾರನ್ನೂ ಅನರ್ಹರೆನ್ನಬಾರದು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರನ್ನು ಒಳಗೊಳ್ಳುವ ಇಎಸ್‌ಐ ಯೋಜನೆಯಲ್ಲಿ ಅನಾರೋಗ್ಯದ ದಿನಗಳಿಗೆ ಶೇ 70ರಷ್ಟು ವೇತನ ಸಿಗುವುದರಿಂದ, ವ್ಯಸನ ಚಿಕಿತ್ಸೆಯ ರಜೆಗೂ ಅದು ಅನ್ವಯವಾಗುತ್ತದೆಂದು ಎಲ್ಲ ಇಎಸ್‌ಐ ಚಿಕಿತ್ಸಾಲಯಗಳಿಗೆ ಸ್ಪಷ್ಟಪಡಿಸುವಂತೆ ರಾಜ್ಯ ಸರ್ಕಾರವು ಇಎಸ್‌ಐ ನಿಗಮಕ್ಕೆ ಬರೆಯಬೇಕು. ಗುತ್ತಿಗೆ ಕಾರ್ಮಿಕರನ್ನು ಈ ಸೌಲಭ್ಯಗಳಿಂದ ಹೊರಗಿಟ್ಟರೆ, ಅತಿ ಹೆಚ್ಚು ನೋವು ಹೊತ್ತವರನ್ನೇ ಹೊರಗಿಟ್ಟಂತಾಗುತ್ತದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಎನ್‌ಕಾರ್ಡ್ ಸಭೆಗಳಲ್ಲಿ ವಶಪಡಿಸಿಕೊಂಡ ಮಾಲಿನ ಲೆಕ್ಕದ ಜೊತೆಗೆ, ಎಷ್ಟು ಜನರಿಗೆ ಕಲಂ 64ಎ ತಿಳಿಸಲಾಯಿತು, ಎಷ್ಟು ಜನ ಚಿಕಿತ್ಸೆಗೆ ಸೇರಿದರು, ಎಷ್ಟು ಜನ ಮೂರು ತಿಂಗಳ ನಂತರವೂ ಚಿಕಿತ್ಸೆಯಲ್ಲಿ ಉಳಿದರು ಎಂಬ ಅಂಕಿಗಳನ್ನು ಹೆಸರು ಬಹಿರಂಗಪಡಿಸದೆ ಮಂಡಿಸುವಂತೆ ನಿರ್ದೇಶಿಸಬೇಕು. ಈ ಮನವಿಯನ್ನು ರಾಜ್ಯ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಗೃಹ, ಆರೋಗ್ಯ ಮತ್ತು ಕಾರ್ಮಿಕ ಇಲಾಖೆಗಳು ಕೈಗೊಳ್ಳುವ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ಗೌರವಪೂರ್ವಕವಾಗಿ ಕೋರುತ್ತಾರೆ.


ಮನವಿದಾರರು