ಉಯಿಲು ಇದೆ, ಇನ್ನು ಪ್ರೊಬೇಟ್ ಬೇಕೆ?

ಮುಂಬಯಿಯಲ್ಲಿ ನೆಲೆಸಿದ ತುಳು-ಕನ್ನಡಿಗ ಕುಟುಂಬಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಮಕ್ಕಳನ್ನು ಹೆದರಿಸುತ್ತಿದ್ದ ಕೋರ್ಟಿನ ಪದವೊಂದಿತ್ತು: ಪ್ರೊಬೇಟ್. ಮೂಲ ಲ್ಯಾಟಿನ್, ಅರ್ಥ ಸಾಬೀತು. ಇದು ಮೃತರು ಬರೆದ ಕೊನೆಯ ಉಯಿಲು ಹೌದೆಂದು ನ್ಯಾಯಾಲಯವು ಮೊಹರು ಹಾಕಿ ಎಕ್ಸಿಕ್ಯೂಟರ್ ಅವರಿಗೆ, ಅಂದರೆ ಉಯಿಲನ್ನು ಜಾರಿಗೊಳಿಸಲು ಅದರಲ್ಲೇ ನೇಮಕವಾದವರಿಗೆ, ಕೊಡುವ ಪ್ರತಿ.

ಮುಂಬಯಿ ನಗರದೊಳಗೆ ಬರೆದ ಅಥವಾ ಇಲ್ಲಿನ ಸ್ಥಿರಾಸ್ತಿಯ ಕುರಿತು ಹೊರಗೆಲ್ಲೋ ಬರೆದ ಹಿಂದೂ ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೇ ಕಲಮು ಇದನ್ನು ಕಡ್ಡಾಯ ಮಾಡಿತ್ತು. ಚೆನ್ನೈ ನಗರಕ್ಕೂ ಅದೇ ನಿಯಮ. ಮುಲುಂಡಿನ ಫ್ಲ್ಯಾಟಿಗೆ ಬೇಕು. ಚೆಕ್‌ನಾಕಾ ದಾಟಿದರೆ, ಠಾಣೆಯಲ್ಲೇ ಕುಳಿತು ಠಾಣೆಯ ಫ್ಲ್ಯಾಟಿಗೆ ಬರೆದ ಉಯಿಲಿಗೆ ಬೇಡ! ಬ್ರಿಟಿಷರು 1870ರಲ್ಲಿ ಹಾಕಿದ ಗೆರೆಯ ಪ್ರತಾಪವಿದು. ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿಯಿಂದಲೇ ವಿನಾಯಿತಿ ದೊರೆತಿತ್ತು. ಉಳಿದವರು 2025ರ ಡಿಸೆಂಬರ್ ತನಕ ಕಾಯಬೇಕಾಯಿತು. ಆಗ ಸಂಸತ್ತು 213ನೇ ಕಲಮನ್ನೇ ಕಿತ್ತುಹಾಕಿತು.

ಸಂತೋಷದ ಸಂಗತಿಯೇ. ಆದರೆ ಹೋದದ್ದು ಕಡ್ಡಾಯ ಮಾತ್ರ. ಪ್ರೊಬೇಟ್ ಪಡೆಯುವ ದಾರಿ ಈಗಲೂ ತೆರೆದಿದೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಸುಳ್ಳೆಂದರೆ ಸೊಸಾಯಿಟಿಯ ಕಮಿಟಿ ತೀರ್ಪು ಕೊಡಲಾರದು, ಬ್ಯಾಂಕೂ ಕೊಡಲಾರದು. ಕೊನೆಗೆ ಕೋರ್ಟೇ ಗತಿ.

ನಾಮಿನಿ ಎಂಬ ಪದದ್ದು ಇನ್ನೂ ದೊಡ್ಡ ಗೊಂದಲ. ಫಾರ್ಮಿನಲ್ಲಿ ಹೆಸರು ಬರೆದರೆ ಆಸ್ತಿಯೇ ಅವರದಾಯಿತೆಂದು ನಂಬಿದವರು ಅದೆಷ್ಟೋ. ನಾಮಿನಿ ಹಣ ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರಷ್ಟೇ. ಶೇರುಗಳ ವಿಷಯದಲ್ಲೂ ನಾಮಿನಿ ಸಂಪೂರ್ಣ ಒಡೆಯರಲ್ಲವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಉಯಿಲೇ ಇಲ್ಲದಾಗ ಠೇವಣಿ, ಶೇರುಗಳಿಗಾಗಿ ಕೋರ್ಟು ಕೊಡುವುದು ಸಕ್ಸೆಶನ್ ಸರ್ಟಿಫಿಕೇಟ್. ಮನೆಯ ಹಕ್ಕಿಗೆ ಅದು ನಡೆಯದು. ಉಯಿಲು ಇಲ್ಲದಿದ್ದರೆ, ಇದ್ದರೂ ಎಕ್ಸಿಕ್ಯೂಟರ್ ಹೆಸರಿಲ್ಲದಿದ್ದರೆ, ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್. ಹೆಸರು ಉದ್ದ, ಕೆಲಸ ಸುಮಾರಾಗಿ ಪ್ರೊಬೇಟಿನದ್ದೇ.

ಈಗ ಉಯಿಲಿನ ತೂಕವೆಲ್ಲ ಅದರ ಸಾಕ್ಷಿಗಳ ಮೇಲೆ ಬೀಳಲಿದೆ. ಕನಿಷ್ಠ ಇಬ್ಬರ ಸಹಿ ಬೇಕು, ಜಗಳ ಕೋರ್ಟಿಗೆ ಹೋದರೆ ಬದುಕಿರುವ ಒಬ್ಬರಾದರೂ ಬಂದು ಹೇಳಬೇಕು. ನಮ್ಮವರಾದರೋ ಎಪ್ಪತ್ತರ ಯಜಮಾನರು ಎಪ್ಪತ್ತೈದರ ಗೆಳೆಯರಿಂದಲೇ ಸಹಿ ಹಾಕಿಸುತ್ತಾರೆ.